ಹಿಂಬಾಗಿಲ ಬೂಟುಗಳು

ಡೋರೀನ್ ಬೂತ್ರಾಯ್ಡ್ ಮನೆಯ ಹಿಂಬಾಗಿಲಲ್ಲಿ ಒಂದು ಜೊತೆ ಗಂಡಸಿನ ಬೂಟು ಕಾಣಿಸಿಕೊಂಡದ್ದೇ ಇಷ್ಟೆಲ್ಲ ರಾಮಾಯಣಕ್ಕೆ ಕಾರಣ. ಡೋರೀನ್ ವಿಧವೆ. ಒಂಟಿಯಾಗಿ ಬದುಕುವವರಿಗೆ ಸರ್ಕಾರ ಕೊಡುವ ಭತ್ಯೆಯಲ್ಲಿ ಸಂಸಾರ ತೂಗಿಸುವವಳು. ಒಂಟಿ ಹೆಂಗಸಿನ ಬಾಗಿಲಲ್ಲಿ ಬೂಟಿದ್ದರೆ ಅದರೊಳಗೆ ಹೋಗುವ ಕಾಲುಗಳಿರಬೇಕು, ಕಾಲುಗಳ ಮೇಲೊಬ್ಬ ಗಂಡಸಿರಬೇಕು ಎಂದು ಹಡರ್ಸ್‌ಫೀಲ್ಡಿನ ಟೆಂಟರ್ ಬೀದಿ ಬೆಳಗಿನ ಚಹಾ ಮುಗಿಯುವುದರೊಳಗೆ ತೀರ್ಮಾನಿಸಿತು.

ಪಕ್ಕದ ಮನೆಯ ಕ್ಲೈವ್ ಹೆಪ್‌ವರ್ತ್ ಮಹಡಿ ಕಿಟಕಿಯಿಂದ ದುರ್ಬೀನು ಹಿಡಿದು ಬೂಟುಗಳನ್ನು ನೋಡಿದ. ಅವನು ಬೀದಿ ಕಾವಲು ಸಮಿತಿಯ ಅಧ್ಯಕ್ಷ. ಈ ಬೀದಿಯಲ್ಲಿ ಕದಿಯುವಂಥದ್ದೇನೂ ಇಲ್ಲವೆಂದು ಕಳ್ಳರಿಗೆಲ್ಲ ಗೊತ್ತಿದ್ದರಿಂದ ಅಧ್ಯಕ್ಷರಿಗೆ ಬಿಡುವು ಬಹಳ. ಕಂದು ಬಣ್ಣ, ದಪ್ಪ ಅಟ್ಟೆ. ಒಂದು ಕಾಲದಲ್ಲಿ ತಾನೂ ಅಂಥದ್ದನ್ನೇ ಹಾಕುತ್ತಿದ್ದ. 'ನೀಚ! ಆದರೂ ಬೂಟು ಆರಿಸುವುದು ಗೊತ್ತು' ಎಂದು ಹಲ್ಲು ಕಡಿದ.

ಅವನ ಸಂಕಟ ಬೇರೆಯೇ ಇತ್ತು. ಶನಿವಾರ ಕ್ಲಬ್ಬಿನ ಡಾನ್ಸಿಗೆ ಡೋರೀನಳನ್ನು ಕರೆಯಬೇಕೆಂದು ನಡುಮನೆಯ ಕನ್ನಡಿಯ ಮುಂದೆ ನಿಂತು ವರ್ಷದಿಂದ ಅಭ್ಯಾಸ ಮಾಡುತ್ತಿದ್ದ. ಕನ್ನಡಿಯ ಎದುರು ಮಾತು ಸರಾಗ. ಡೋರೀನ್ ಎದುರು ಬಂದರೆ ಮಳೆ ಬರಬಹುದು, ಬರದಿರಬಹುದು ಎಂಬುದರಾಚೆಗೆ ನಾಲಿಗೆ ಹೊರಳುತ್ತಿರಲಿಲ್ಲ.

ಹಿತ್ತಲಿಗೆ ಇಳಿದರೆ ಡೋರೀನಳ ಆಚೆಮನೆಯ ಬೆರಿಲ್ ಹಿಂದಿನ ಓಣಿಗೆ ಬಂದು ಅವನ ಗೋಡೆಯ ಮೇಲೆ ಗದ್ದವಿಟ್ಟು ಕಾದಿದ್ದಳು.

"ನೋಡಿದ್ಯೇನಪ್ಪಾ ಕ್ಲೈವ್?"

"ಏನನ್ನ?"

"ಕುತ್ತಿಗೇಲಿ ದುರ್ಬೀನು ನೇತಾಡ್ತಿದೆ, ಏನನ್ನ ಅಂತ ಕೇಳ್ತೀಯಲ್ಲ! ಬೂಟು ಕಣೋ. ನಾವು ಕಟ್ಟೋ ತೆರಿಗೇಲಿ ಇವಳು ಗಂಡಸನ್ನ ಸಾಕ್ತಿದಾಳೆ. ಇಲ್ಲಿ ನಮ್ಮನೆಯವನನ್ನ ಸಾಕೋಕೆ ನನಗೆ ಯಾರು ಕೊಡ್ತಾರೆ?"

"ಹಾಗಾದ್ರೆ ನೀವೇ ಒಂದು ದೂರು ಕೊಡಿ."

"ನಾನಾ? ಇನ್ನೊಬ್ಬರ ಮನೆ ವಿಷಯಕ್ಕೆ ತಲೆ ಹಾಕೋ ಚಾಳಿ ನನಗಿಲ್ಲಪ್ಪ. ನೀನು ಅಧ್ಯಕ್ಷ, ನೀನು ಕೊಡು. ಮೊನ್ನೆ ಅವಳ ಹಗ್ಗದ ಮೇಲೆ ಗಂಡಸಿನ ಅಂಗೀನೂ ಇತ್ತು, ಬರೆಸೋದು ಮರೀಬೇಡ."

ಕ್ಲೈವ್ ತಲೆ ಕೆಡಿಸಿಕೊಂಡು ಚೆಂಡಾಟದ ಹುಲ್ಲಂಗಳಕ್ಕೆ ಹೋದ. ಹಳೆಯ ಗೆಳೆಯ ರೆಗ್ ಚೆಂಡನ್ನು ಉರುಳಿಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡ.

"ಬೇಡ ಕಣೋ. ಚಾಡಿ ಹೇಳಿದೋನ ಜತೆ ಕ್ಲಬ್ಬಲ್ಲಿ ಒಬ್ಬನೂ ಮಾತಾಡಲ್ಲ. ಆಲ್ಫಿ ಗತಿ ಏನಾಯ್ತು, ಗೊತ್ತಲ್ಲ?"

"ಏನಾಯ್ತು?"

"ನಂಗೇನು ಗೊತ್ತು? ಅವತ್ತಿಂದ ಯಾರೂ ಅವನ ಜತೆ ಮಾತಾಡಿಲ್ವಲ್ಲ."

ಹೇಳಿದರೆ ಊರಿಗೆ ಬೇಡವಾಗುತ್ತಾನೆ, ಹೇಳದಿದ್ದರೆ ಆ ಬೂಟಿನವನು ಶನಿವಾರ ಡೋರೀನಳ ಸೊಂಟ ಹಿಡಿದು ಕುಣಿಯುತ್ತಾನೆ. ಕೊನೆಗೆ, ಕಣ್ಣಾರೆ ನೋಡಿಯೇ ತೀರ್ಮಾನಿಸೋಣ ಎಂದುಕೊಂಡು ಬಾಗಿಲ ಬೀಗ ತಪಾಸಣೆಯ ನೆಪದಲ್ಲಿ ಅವಳ ಹಿಂಬಾಗಿಲು ತಟ್ಟಿದ.

ಒಳಗಿನಿಂದ ಡೋರೀನಳ ಕಂಠ ಮೊಳಗಿತು. "ಹೆರಾಲ್ಡ್, ನೀನು ಏಳಬೇಡ ಚಿನ್ನಾ! ನಾನೇ ನೋಡ್ತೀನಿ! ಮೊದಲು ಆ ಕೊಡಲಿ ಕೆಳಗಿಡು!"

ಕ್ಲೈವ್ ಬೀಗ ನೋಡಲು ನಿಲ್ಲಲಿಲ್ಲ. ಗೋಡೆ ಹಾರಿದ. ಅವಸರದಲ್ಲಿ ಸ್ವಂತ ಹಿತ್ತಲ ಬದಲು ಬೆರಿಲಳ ಹಿತ್ತಲಿಗೆ ಹಾರಿದ್ದರಿಂದ ಅವಳ ಕಸದ ಡಬ್ಬಿಯೊಳಗೆ ಸೊಂಟದವರೆಗೆ ಇಳಿದ.

"ಪತ್ತೇದಾರಿಕೆ ಜೋರಾಗಿದೆ" ಎಂದಳು ಬೆರಿಲ್, ಅವನ ತೋಳಿನ ಮೇಲಿದ್ದ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ.

'ಚಿನ್ನಾ' ಎಂಬ ಆ ಒಂದು ಮಾತು ಕ್ಲೈವನ ಎದೆಗೆ ನಾಟಿತ್ತು. ಮನೆಗೆ ಬಂದವನೇ ನಡುಮನೆಯ ಫೋನೆತ್ತಿ, ಭತ್ಯೆ ಮೋಸದ ದೂರಿಗೆಂದೇ ಇರುವ ಸಂಖ್ಯೆ ಒತ್ತಿದ. ಹೆಸರು ಹೇಳಬೇಕಿಲ್ಲವೆಂದು ಗೊತ್ತಾದಾಗ ಅವನ ದೇಶಭಕ್ತಿ ಇಮ್ಮಡಿಸಿತು. ಎಲ್ಲವನ್ನೂ ಬರೆಸಿದ.

"ಆ ಗಂಡಸು ನೋಡೋಕೆ ಹೇಗಿದಾನೆ ಸರ್?" ಎಂದಿತು ಅತ್ತಲಿನ ಹೆಣ್ಣುದನಿ.

ಕ್ಲೈವ್ ಬೆವರಿದ. ನೋಡಿಲ್ಲವೆಂದರೆ ಬೂಟು ನೋಡಿ ಫೋನ್ ಮಾಡಿದ ಹುಚ್ಚ ಎನ್ನುತ್ತಾರೆ. ತಬ್ಬಿಬ್ಬಾಗಿ ತಲೆಯೆತ್ತಿದ. ಎದುರಿಗೆ ಕನ್ನಡಿಯಿತ್ತು.

"ಕುಳ್ಳ. ಬೋಳು ತಲೆ... ಬಿಳಿ ಮೀಸೆ. ಕನ್ನಡಕದ ಎಡಗಡೆ ಕಡ್ಡಿಗೆ ನೀಲಿ ಟೇಪು ಸುತ್ತಿದೆ."

"ತುಂಬಾ ಹತ್ತಿರದಿಂದ ನೋಡಿದೀರಿ. ಮುಖ?"

"ಶುದ್ಧ ಕಳ್ಳಕಳೆ" ಎಂದ ಕ್ಲೈವ್, ಒಂದು ಕ್ಷಣವೂ ಯೋಚಿಸದೆ.

ಸರ್ಕಾರ ಎಂದರೆ ಆರು ತಿಂಗಳು ತೂಕಡಿಸಿ ಆಮೇಲೆ ಆಕಳಿಸುವಂಥದ್ದು. ಆದರೆ ಅವತ್ತು ಕ್ಲೈವನ ಗ್ರಹಚಾರ. ತನಿಖೆಯ ಯುವಕನೊಬ್ಬ ಬೇರೆ ಯಾವುದೋ ಕೆಲಸಕ್ಕೆ ಪಕ್ಕದ ಬೀದಿಗೇ ಬಂದಿದ್ದ. ಸಂಜೆಯ ಚಹಾದ ಹೊತ್ತಿಗೆ ಡೋರೀನ್ ಅಳುಮುಖ ಮಾಡಿಕೊಂಡು ಕ್ಲೈವನ ಬಾಗಿಲಿಗೆ ಬಂದಳು.

"ಕ್ಲೈವ್, ಬೇಗ ಬನ್ನಿ. ನನ್ನ ಭತ್ಯೆ ನಿಲ್ಲಿಸ್ತಾರಂತೆ. ನೀವೊಬ್ಬರೇ ನನ್ನ ಸಾಕ್ಷಿ."

ಅವಳ ಅಡುಗೆಮನೆಯಲ್ಲಿ ಯುವಕ ಕೂತಿದ್ದ. ಗೋಡೆಯಾಚೆ ಬೆರಿಲಳ ತಲೆ ಉದಯಿಸಿತ್ತು.

"ಇವರೇ ನಮ್ಮ ಕಾವಲು ಸಮಿತಿ ಅಧ್ಯಕ್ಷರು" ಎಂದಳು ಡೋರೀನ್. "ಬೇಕಾದ್ರೆ ಕೇಳಿ. ಚರ್ಚಿನ ಹಾಲಲ್ಲಿ ಇವರೇ ಭಾಷಣ ಮಾಡಿದ್ದು. ಒಂಟಿ ಹೆಂಗಸರು ಬಾಗಿಲಲ್ಲಿ ಗಂಡಸಿನ ಬೂಟು ಇಡಿ, ಹಗ್ಗಕ್ಕೆ ಅಂಗಿ ಹಾಕಿ, ಬಾಗಿಲು ತಟ್ಟಿದ್ರೆ ಒಳಗೆ ಗಂಡ ಇರೋ ಹಾಗೆ ಕೂಗಿ, ಕಳ್ಳರು ಓಡಿಹೋಗ್ತಾರೆ ಅಂತ. ಎಲ್ಲರೂ ನಿದ್ದೆ ಮಾಡ್ತಿದ್ರು. ನಾನೊಬ್ಬಳೇ ಒಂದಕ್ಷರ ಬಿಡದೆ ಕೇಳಿದ್ದು. ಇವತ್ತು ಬೆಳಗ್ಗೆ ಒಬ್ಬ ಬಂದಿದ್ದ, ಕೂಗಿದ ತಕ್ಷಣ ಓಟ ಕಿತ್ತ!"

ಕ್ಲೈವನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವನ ಭಾಷಣವನ್ನು ಜಗತ್ತಿನಲ್ಲಿ ಕೇಳಿದ ಒಬ್ಬಳೇ ಒಬ್ಬಳು ಹೆಂಗಸು, ಅವಳ ಅನ್ನಕ್ಕೇ ಅವನು ಕಲ್ಲು ಹಾಕಿದ್ದ.

"ಹೌ... ಹೌದು. ನಾನೇ ಹೇಳಿದ್ದು" ಎಂದ.

ಯುವಕ ಟ್ಯಾಬು ನೋಡಿದ, ಕ್ಲೈವನನ್ನು ನೋಡಿದ. ಮತ್ತೆ ಟ್ಯಾಬು ನೋಡಿದ. "ಕುಳ್ಳ. ಬೋಳು ತಲೆ. ಬಿಳಿ ಮೀಸೆ. ಸ್ವಲ್ಪ ಎಡಗಡೆ ತೋರಿಸ್ತೀರಾ ಸರ್? ನೀಲಿ ಟೇಪು, ಸರಿ. ದಯವಿಟ್ಟು ಆ ಬೂಟು ಒಂದ್ಸಲ ಹಾಕ್ಕೊಳಿ."

ಕ್ಲೈವ್ ಕಾಲಿಟ್ಟ. ಬೂಟು ಹಳೆಯ ನಾಯಿ ಯಜಮಾನನನ್ನು ಗುರುತಿಸಿದಂತೆ ಅವನ ಪಾದವನ್ನು ಗುರುತಿಸಿತು. ಹೆಬ್ಬೆರಳಿನ ಹತ್ತಿರ ಅವನೇ ಹಾಕಿದ ಹೊಲಿಗೆ ಕೂಡ ಹಾಗೇ ಇತ್ತು.

"ದಾನ ಬಂದ ಹಳೇ ಸಾಮಾನು ಮಾರೋ ಧರ್ಮದ ಅಂಗಡೀಲಿ ತಗೊಂಡೆ" ಎಂದಳು ಡೋರೀನ್ ಬೆರಗಿನಿಂದ.

"ಅಲ್ಲಿಗೆ ಕೊಟ್ಟಿದ್ದು ನಾನೇ..."

"ನೀವೂ ಒಂಟಿ ಭತ್ಯೆ ತಗೋತೀರಲ್ವಾ ಸರ್?" ಎಂದ ಯುವಕ ಏಳುತ್ತಾ. "ವಿಚಾರಣೆ ಮುಗಿಯೋವರೆಗೆ ಇಬ್ಬರದ್ದೂ ತಡೆಹಿಡೀತೀವಿ."

ಅವನು ಹೋದ. ಡೋರೀನ್ ಕಣ್ಣೊರೆಸಿಕೊಂಡು ಕ್ಲೈವನ ಕೈ ಹಿಡಿದಳು. ವರ್ಷದಿಂದ ಅವನು ಕಾದಿದ್ದ ಕ್ಷಣವದು, ಆದರೆ ಅವನ ಕೈ ಮಂಜುಗಡ್ಡೆಯಾಗಿತ್ತು.

"ಶನಿವಾರ ನಿಮ್ಮನ್ನ ಡಾನ್ಸಿಗೆ ಕರೀಬೇಕು ಅಂತಿದ್ದೆ ಕ್ಲೈವ್. ಈಗ ಬೇಡ. ಮೊದಲು ಆ ಚಾಡಿಕೋರನ್ನ ಹಿಡೀಬೇಕು. ನಿಮ್ಮನ್ನ ದಿನಾ ಹತ್ತಿರದಿಂದ ನೋಡೋನೇ ಯಾರೋ ಇರಬೇಕು. ನೀವು ಅಧ್ಯಕ್ಷರು. ಅವನು ಯಾರು ಅಂತ ಕಂಡುಹಿಡಿದು ನನ್ನ ಮುಂದೆ ತಂದು ನಿಲ್ಲಿಸಿ. ಆಮೇಲೆ ಕುಣಿಯೋಣ."

"ಅದೇನು ಕಷ್ಟ, ಹಿಡಿದೇ ಹಿಡೀತಾನೆ!" ಎಂದಿತು ಗೋಡೆಯ ಮೇಲಿನ ತಲೆ.

ಕ್ಲೈವ್ ಬೂಟು ಕಳಚುವುದನ್ನೂ ಮರೆತು ಮನೆಗೆ ಬಂದು, ಕದ ಹಾಕಿಕೊಂಡು, ನಡುಮನೆಯಲ್ಲಿ ನಿಂತ. ಚಾಡಿಕೋರ ಕನ್ನಡಿಯೊಳಗಿಂದ ಅವನನ್ನೇ ನೋಡುತ್ತಿದ್ದ. ಮುಖದಲ್ಲಿ, ಫೋನಿನಲ್ಲಿ ಬರೆಸಿದ್ದಂತೆಯೇ, ಶುದ್ಧ ಕಳ್ಳಕಳೆಯಿತ್ತು.