ತತ್ತಿ ಎಂದರೆ ತಪ್ಪೇ?

ಕೂದಲಿಲ್ಲದ ತಲೆ ಹೊತ್ತುಕೊಂಡು ಬದುಕುವುದು ಸುಲಭದ ಮಾತಲ್ಲ. ಬೋಳುತಲೆಯವನಿಗೆ ಪುಕ್ಕಟೆ ಸಲಹೆ ಕೊಡದ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ಒಬ್ಬರು ಕರಿಬೇವಿನ ಎಣ್ಣೆ ತಿಕ್ಕು ಎನ್ನುತ್ತಾರೆ, ಇನ್ನೊಬ್ಬರು ತಿಕ್ಕುವುದು ಬಿಟ್ಟು ಟೋಪಿ ಹಾಕು ಎನ್ನುತ್ತಾರೆ. ಚಿಕ್ಕೋಡಿಯ ಕಟಿಂಗ್ ಅಂಗಡಿಯವನು ನನ್ನನ್ನು ಕಂಡರೆ ಕುರ್ಚಿ ತೋರಿಸುವ ಮೊದಲು ಒಂದು ಕ್ಷಣ ಯೋಚನೆ ಮಾಡುತ್ತಾನೆ. ನಮ್ಮ ಕಚೇರಿಯಲ್ಲಿ ಕರೆಂಟು ಹೋದಾಗ "ಸಾಹೇಬ್ರ, ಸ್ವಲ್ಪ ಈ ಕಡೆ ಬಗ್ರಿ, ಬೆಳಕ ಬೀಳಲಿ" ಎಂದ ಪುಣ್ಯಾತ್ಮರೂ ಇದ್ದಾರೆ. ಇಂಥ ಮಾತುಗಳನ್ನೆಲ್ಲ ನುಂಗಿಕೊಂಡು ಬಂದ ನನಗೆ, ಈ ತಲೆಯಿಂದ ವಿಜ್ಞಾನಕ್ಕೆ ಉಪಯೋಗವಿದೆ ಎಂದು ಯಾರಾದರೂ ಹೇಳಿಯಾರೆಂದು ಕನಸಿನಲ್ಲೂ ಅನಿಸಿರಲಿಲ್ಲ.

ಹೇಳಿದವಳು ನನ್ನ ಹೆಂಡತಿಯ ಅಣ್ಣನ ಮಗಳು ಅಸ್ಮಿತಾ. ನಿಪ್ಪಾಣಿಯಲ್ಲಿ ಬೆಳೆದ ಹುಡುಗಿ, ಈಗ ದೂರದ ದೊಡ್ಡ ಊರಿನಲ್ಲಿ ಮಿದುಳಿನ ಸಂಶೋಧನೆ ಮಾಡುತ್ತಾಳೆ. ಮನುಷ್ಯ ಮಾತಾಡುವಾಗ ಮಿದುಳಿನ ಯಾವ ಮೂಲೆ ದುಡಿಯುತ್ತದೆ, ಎರಡು ಭಾಷೆಯವರಲ್ಲಿ ಅದು ಹೇಗೆ ದುಡಿಯುತ್ತದೆ ಎಂದು ನೋಡುವುದು ಅವಳ ಕೆಲಸ. ನಮ್ಮ ಭಾಗದಲ್ಲಿ ಕನ್ನಡ ಮರಾಠಿ ಎರಡೂ ಒಂದೇ ಬಾಯಲ್ಲಿ ಸಂಸಾರ ಮಾಡುತ್ತವೆಯಲ್ಲ, ಹಾಗಾಗಿ ಅವಳು ಪೆಟ್ಟಿಗೆ ಹಿಡಿದು ಅಂಕಲಿಯ ನಮ್ಮ ಮನೆಗೇ ಬಂದಳು. ಇಲ್ಲಿಯ ಸಣ್ಣ ಮಕ್ಕಳ ಮಾತಿನ ಬೆಳವಣಿಗೆ ಅಳೆಯುವ ಪರೀಕ್ಷೆಯೊಂದನ್ನು ತಯಾರು ಮಾಡಬೇಕಿತ್ತಂತೆ, ಅದಕ್ಕೆ ದೊಡ್ಡವರ ಲೆಕ್ಕವೂ ಬೇಕಂತೆ. ಪೆಟ್ಟಿಗೆಯಿಂದ ಒಂದು ಕರಿ ಟೊಪ್ಪಿಗೆ ಹೊರಬಂತು. ಅದರ ತುಂಬ ಸಣ್ಣ ಸಣ್ಣ ದೀಪ, ಹಿಂದೆ ಜಡೆಯಂತೆ ವೈರು.

"ಈ ಬೆಳಕ ತಲಿಬುರುಡಿ ದಾಟಿ ಸ್ವಲ್ಪ ಒಳಗ ಹೋಗಿ ತಿರುಗಿ ಬರತೈತಿ ಮಾಮಾ. ಮಿದುಳಿನ ಯಾವ ಜಾಗಾ ಕೆಲಸಾ ಮಾಡತೈತೋ ಅಲ್ಲಿ ರಕ್ತ ಜಾಸ್ತಿ ಹರೀತೈತಿ. ತಿರುಗಿ ಬಂದ ಬೆಳಕ ನೋಡಿದ್ರ ಅದು ಗೊತ್ತಾಗತೈತಿ. ಸೂಜಿ ಇಲ್ಲ, ನೋವಿಲ್ಲ" ಎಂದಳು.

ಮೊದಲು ಟೊಪ್ಪಿಗೆ ಹಾಕಿದ್ದು ನನ್ನ ಹೆಂಡತಿ ಸುಲೋಚನಾಳಿಗೆ. ಆದರೆ ಎಣ್ಣೆ ಹಚ್ಚಿದ ದಟ್ಟ ಕೂದಲಲ್ಲಿ ಬೆಳಕು ಇಳಿಯಲೊಲ್ಲದು. ಒಂದೊಂದು ದೀಪದ ಕೆಳಗೂ ಬೈತಲೆ ತೆಗೆದು ತೆಗೆದು ಅಸ್ಮಿತಾ ಸುಸ್ತಾದಳು. ಆಗ ಅವಳ ಕಣ್ಣು ನನ್ನ ಮೇಲೆ ಬಿತ್ತು. "ಮಾಮಾ, ನಿಮ್ಮ ತಲಿ ಬಂಗಾರ ಐತಿ!"

"ಅದರ ಒಳಗ ಏನೈತಿ ಅಂತ ನಾನೂ ಲಗ್ನ ಆದಾಗಿಂದ ಹುಡುಕಾಕತ್ತೀನಿ. ನಿನಗ ಸಿಕ್ಕರ ನನಗೂ ಹೇಳವಾ" ಎಂದಳು ಸುಲೋಚನಾ.

ನನ್ನ ಸರದಿಗೆ ಮುಂಚೆ ಪಕ್ಕದ ಮನೆಯ ಕಸ್ತೂರಿ ತನ್ನ ಮಗಳು ಭೂಮಿಯನ್ನು ಕರೆದುಕೊಂಡು ಬಂದಳು. ಕಸ್ತೂರಿ ಐನಾಪುರದಿಂದ ಸೊಸೆಯಾಗಿ ಬಂದವಳು, ಕಬ್ಬಿನ ಹೊಲದ ಕೆಲಸಕ್ಕೆ ಹೋಗುತ್ತಾಳೆ. ಭೂಮಿ ಇನ್ನೂ ಶಾಲೆ ಕಾಣದ ಕೂಸು, ಬೆಳಗಾದರೆ ನಮ್ಮ ಕಟ್ಟೆಯ ಮೇಲೆ ಕೂತು ನಾಯಿ, ಬೆಕ್ಕು, ನಾನು ಎಂಬ ಭೇದವಿಲ್ಲದೆ ಎಲ್ಲರೊಡನೆ ಹರಟುವವಳು. ತೆಳುಗೂದಲಿನ ಪುಟ್ಟ ತಲೆಗೆ ಟೊಪ್ಪಿಗೆ ಹಾಕಿಕೊಂಡು ರಾಣಿಯಂತೆ ಕೂತಳು. ಕಂಪ್ಯೂಟರಿನಲ್ಲಿ ಚಿತ್ರ ಬರುತ್ತದೆ, ಹೆಸರು ಹೇಳಬೇಕು. ಸರಿಯಿದ್ದರೆ ಅಸ್ಮಿತಾ ಹಸಿರು ಗುಂಡಿ ಒತ್ತುತ್ತಾಳೆ, ತಪ್ಪಿದ್ದರೆ ಕೆಂಪು. ಭೂಮಿ "ತತ್ತಿ" ಎಂದಳು. ಕೆಂಪು. "ಶೇಂಗಾ" ಎಂದಳು. ಕೆಂಪು. ಕಿಟಕಿ ಕಂಡು ಅಂದ ಖಿಡಕಿಗೂ ಕೆಂಪು, ಬಟಾಟಿಗೂ ಕೆಂಪು.

ಕಸ್ತೂರಿಯ ಮುಖ ಸಣ್ಣದಾಯಿತು. "ಕೆಂಪ ಅಂದ್ರ ತಪ್ಪ ಹೌದಲ್ರಿ? ನಮ್ಮ ಭೂಮಿಗೆ ಮಾತ ಸರಿ ಬರೂದಿಲ್ಲೇನ್ರಿ? ನಮ್ಮ ಅತ್ತಿನೂ ಹಂಗ ಅಂತಾರ್ರಿ, ಕಲಬೆರಕಿ ಮಾತಾಡತೈತಿ, ಮಂದ ಐತಿ ಅಂತ."

"ಹಂಗಲ್ರಿ ಅಕ್ಕಾ, ಇಲ್ಲಿ ಮೊಟ್ಟೆ ಅಂತ ಐತಿ, ಅದಕ್ಕ..." ಎಂದು ಅಸ್ಮಿತಾ ತಡವರಿಸಿದಳು.

ನನಗೆ ಸಿಟ್ಟು ಬಂತು. ತತ್ತಿಯ ಮಟ್ಟಿಗೆ ನನಗೊಂದು ಹಳೆಯ ಸೇಡೂ ಇದೆ. ಒಮ್ಮೆ ತರಬೇತಿಗೆಂದು ದಕ್ಷಿಣದ ಊರಿಗೆ ಹೋದಾಗ ಹೋಟೆಲಿನಲ್ಲಿ ತತ್ತಿ ಕೇಳಿದರೆ ಸಪ್ಲಾಯರ್ ಖಾಲಿ ತಟ್ಟೆ ತಂದಿಟ್ಟಿದ್ದ. ಮೊಟ್ಟೆ ಎನ್ನಿ ಎಂದು ಜೊತೆಗಿದ್ದವರು ಕಿವಿಯಲ್ಲಿ ಹೇಳಿದರೂ ನಾನು ಬಗ್ಗಲಿಲ್ಲ. ದಿನಾ ತತ್ತಿಯನ್ನೇ ಕೇಳಿದೆ, ದಿನಾ ಕೈಸನ್ನೆ ಮಾಡಿ ತೋರಿಸಿದೆ. ಹೊರಡುವ ದಿನ ಆ ಪುಣ್ಯಾತ್ಮ ತಾನಾಗಿ ಅಡುಗೆಮನೆಯ ಕಡೆ ತಿರುಗಿ "ಸಾರ್‌ಗೆ ಎರಡು ತತ್ತಿ" ಎಂದು ಕೂಗಿದಾಗ ನನಗಾದ ಆನಂದ ಬಡ್ತಿ ಸಿಕ್ಕಾಗಲೂ ಆಗಲಿಲ್ಲ.

ಟೊಪ್ಪಿಗೆ ಇಸಿದುಕೊಂಡು ನಾನೇ ಕೂತೆ. ತೆರೆಯ ಮೇಲೆ ಬಿಳಿಯ ತತ್ತಿ ಬಂತು. "ತತ್ತಿ" ಎಂದೆ.

"ಮಾಮಾ, ಕನ್ನಡದಾಗ ಹೇಳ್ರಿ."

"ಕನ್ನಡದಾಗ ಹೇಳೀನಿ. ಮುಂದಿಂದು ತೋರಸು."

ಶೇಂಗಾ ಬಂತು. ಅವಳಿಗೆ ಕಡಲೆಕಾಯಿ ಬೇಕಿತ್ತು. "ರೊಟ್ಟಿ ಜೋಡಿ ಶೇಂಗಾ ಹಿಂಡಿ, ಹಬ್ಬಕ್ಕ ಶೇಂಗಾ ಹೋಳಿಗಿ ತಿಂದು ಬೆಳದಾಕಿ ನೀನು. ಕಡಲೆಕಾಯಿ ಹೋಳಿಗಿ ಯಾವ ಮನಿಯಾಗ ತಿಂದಿ?" ಎಂದು ಕೇಳಿದೆ. ಬಟಾಟಿ ಬಂತು. "ಅದು ಮರಾಠಿ ಮಾಮಾ, ಆಲೂಗಡ್ಡೆ ಅನ್ನಬೇಕು" ಎಂದಳು.

"ಆಲೂಗಡ್ಡಿಯೊಳಗಿನ ಆಲೂ ಯಾರ ಮನಿದು? ಹೊರಗಿಂದ ಬಂದದ್ದಕ್ಕ ಒಂದು ಗಡ್ಡಿ ಜೋಡಿಸಿದ್ರ ಕನ್ನಡ ಆಗತೈತಿ, ನಮ್ಮ ಬಟಾಟಿ ಇಷ್ಟು ತಲೆಮಾರು ಇಲ್ಲೇ ಬೆಂದ್ರೂ ಆಗೂದಿಲ್ಲ?"

"ಪದಾ ಆರಿಸಿದವ್ರು ನಮ್ಮ ಗೈಡ್. ನಾ ಹೆಂಗ ಬದಲಿ ಮಾಡ್ಲಿ?"

"ಹಂಗಾದ್ರ ಈ ಟೊಪ್ಪಿಗಿ ನಾ ತಗಿಯೂದಿಲ್ಲ" ಎಂದೆ. ವೈರಿನ ಸಮೇತ ಧರಣಿ ಕೂತೆ. ಸುಲೋಚನಾ ಚಹಾ ತಂದು ಕೈಗಿಟ್ಟು, "ಇವ್ರ ಮಾತಿನಾಗ ಇದೊಂದು ಖರೇ ಐತಿ ನೋಡು" ಎಂದು ನನ್ನ ಪಕ್ಕವೇ ಕೂತಳು. ಅದು ನಮ್ಮ ಸಂಸಾರದಲ್ಲಿ ಅಪರೂಪದ ಘಟನೆ. ನಾನು ಅಸ್ಮಿತಾಳನ್ನು ಮೆತ್ತಗೆ ಕೇಳಿದೆ: "ಭೂಮಿಯಷ್ಟಾಕಿ ಇದ್ದಾಗ ಇದಕ್ಕ ನೀ ಏನಂತಿದ್ದಿ?"

ಅವಳು ಭೂಮಿಯನ್ನು ನೋಡಿದಳು. "ಬಟಾಟಾ" ಎಂದಳು.

"ನೀ ಮಂದ ಇದ್ದೇನು?"

ಅವಳು ಫೋನು ಹಿಡಿದು ಅಂಗಳಕ್ಕೆ ಹೋದಳು. ಗೈಡಿನೊಡನೆ ಮಾತು ಇಂಗ್ಲಿಷಿನಲ್ಲಿ ಶುರುವಾಯಿತು, ಹಿಂದಿಗೆ ಜಾರಿತು, ಕೊನೆಗೆ ಸಿಟ್ಟು ನೆತ್ತಿಗೇರಿ ನಿಪ್ಪಾಣಿಯ ಮರಾಠಿ ಕನ್ನಡ ಎರಡೂ ಒಟ್ಟಿಗೆ ಹೊರಬಂದವು. ಆ ಕಡೆಯವರಿಗೆ ಎಷ್ಟು ತಿಳಿಯಿತೋ, ಒಪ್ಪಿಕೊಂಡರು. ಇಲ್ಲಿಯ ಜನ ಏನನ್ನುತ್ತಾರೋ ಅದನ್ನು ಮೊದಲು ಕೂಡಿಸಬೇಕು, ಆಮೇಲೆ ಸರಿ ತಪ್ಪು. ಅಸ್ಮಿತಾ ರಾಯಬಾಗ, ಕಾಗವಾಡ, ಅಥಣಿಯ ಸಂತೆ ಎಲ್ಲ ತಿರುಗಿ ಮಾತು ಕೂಡಿಸಿಕೊಂಡು ಬಂದಳು. ಭೂಮಿ ಮತ್ತೆ ಟೊಪ್ಪಿಗೆ ಹಾಕಿಕೊಂಡು ಕೂತಾಗ ತತ್ತಿಗೆ ಹಸಿರು, ಶೇಂಗಾಕ್ಕೆ ಹಸಿರು, ಬಟಾಟಿಗೂ ಹಸಿರು. ಕಸ್ತೂರಿ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದುಕೊಂಡು, "ನಮ್ಮ ಅತ್ತಿಗೆ ತೋರಸ್ತೀನ್ರಿ" ಎಂದು ಓಡಿದಳು.

ಕೆಲವು ದಿನ ನಾನು ಎದೆಯುಬ್ಬಿಸಿಕೊಂಡೇ ಓಡಾಡಿದೆ. ಮೊನ್ನೆ ಅಸ್ಮಿತಾ ಫೋನು ಮಾಡಿದಾಗ, ಇಂಥ ಗಟ್ಟಿ ಮಿದುಳಿನ ಯಾವ ಭಾಗ ಹೆಚ್ಚು ದುಡಿದಿದೆ ಎಂದು ತಿಳಿಯುವ ಆಸೆಯಾಗಿ ಕೇಳಿಯೇಬಿಟ್ಟೆ.

"ಮಾಮಾ, ನಿಮ್ಮದು ಬಿಟ್ಟೀವ್ರಿ."

"ಬಿಟ್ಟೀವಿ ಅಂದ್ರ?"

"ಜಗಳಾಡೂ ಮುಂದ ನೀವು ಭಾಳ ತಲಿ ಅಲ್ಲಾಡಿಸೀರಿ. ತಲಿ ಅಲ್ಲಾಡಿದ್ರ ದೀಪಾ ಸರೀತಾವು, ಲೆಕ್ಕ ಪೂರಾ ಕೆಡತೈತಿ."

ಇದು ಶುದ್ಧ ಸುಳ್ಳು, ನಾನು ಕಲ್ಲಿನಂತೆ ಕೂತಿದ್ದೆ ಎಂದು ವಾದಿಸಿದೆ. ಸುಮ್ಮನೆ ಬಿಡುವವನಲ್ಲ ನಾನು. ಬಹಳ ಹೊತ್ತು ವಾದಿಸಿದೆ, ಗಟ್ಟಿಯಾಗಿಯೇ ವಾದಿಸಿದೆ. ಫೋನಿನ ಆ ತುದಿಯಲ್ಲಿದ್ದ ಅಸ್ಮಿತಾಳಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಎದುರಿಗೆ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಸುಲೋಚನಾ ಕೆಲಸ ನಿಲ್ಲಿಸಿ, ನನ್ನ ತಲೆ ಎಡಕ್ಕೆ ಹೋದಾಗ ಎಡಕ್ಕೆ, ಬಲಕ್ಕೆ ಹೋದಾಗ ಬಲಕ್ಕೆ ಕಣ್ಣು ಹೊರಳಿಸುತ್ತ ನೋಡುತ್ತಿದ್ದಳು.