ಹಳೇ ದೋಣಿಗೆ ತೊಂಬತ್ತನಾಲ್ಕು ಕೆಜಿ

ವ್ಯವಹಾರ ಸುಮಾರು ಆರು ಲಕ್ಷದ್ದು. ಅದರಲ್ಲಿ ನನ್ನ ಕಮಿಷನ್ ಮೂವತ್ತು ಸಾವಿರ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಓದುತ್ತಾ ನಾನು ಇದನ್ನೆಲ್ಲ ಸಮಾಜಸೇವೆಗೆ ಮಾಡಿದೆ ಅಂತ ನಿಮಗೆ ಅನ್ನಿಸಬಹುದು.

ಕೊಪ್ಪದಲ್ಲಿ ಹಳೇ ಯಂತ್ರಗಳ ವ್ಯಾಪಾರ ಶುರು ಮಾಡಿ ಮೂವತ್ತು ವರ್ಷವಾಯಿತು. ಪಂಪ್‌ಸೆಟ್ಟು, ಜನರೇಟರು, ಅಡಿಕೆ ಸುಲಿಯುವ ಮೆಷಿನ್ನು, ಕಳೆ ಕೊಚ್ಚುವ ಮೆಷಿನ್ನು – ಇವು ನನ್ನ ಮಾಲು. ಆದರೆ ‘ಹಳೆಯದು ಸಿಗುತ್ತದೆ’ ಅಂತ ಬೋರ್ಡು ಹಾಕಿದವನ ಹತ್ತಿರ ಜನ ಏನನ್ನು ಬೇಕಾದರೂ ಕೇಳುತ್ತಾರೆ. ಒಬ್ಬರು ತಮ್ಮ ಕ್ಷೌರದಂಗಡಿಗೆ ಹಲ್ಲಿನ ಡಾಕ್ಟರ ಹಳೇ ಕುರ್ಚಿ ಬೇಕೆಂದರು. ಕೊಡಿಸಿದೆ. ಈಗ ಅಲ್ಲಿ ಗಡ್ಡಕ್ಕೆ ಕೂತವರು ಹಿಂದಕ್ಕೆ ಒರಗಿದ ಕೂಡಲೇ ತಾವಾಗಿಯೇ ಬಾಯಿ ತೆರೆಯುತ್ತಾರೆ.

ಹೀಗಿರುವಾಗ ಒಂದು ದಿನ ದೋಣಿ ಕೇಳಿಕೊಂಡು ಬಂದರು.

೧. ಅಜ್ಜಿಯ ಷರತ್ತು

ಬಂದವರು ಎನ್.ಆರ್.ಪುರದಲ್ಲಿ ಜವಳಿ ಅಂಗಡಿ ಇಟ್ಟವರು. ಜೊತೆಗೆ ಶಾಲೆಯಲ್ಲಿ ಟೀಚರಾಗಿರುವ ಹೆಂಡತಿ, ಹತ್ತು ವರ್ಷದ ಮಗಳು, ಆರು ವರ್ಷದ ಮಗ, ಇವರೆಲ್ಲರಿಗಿಂತ ಮುಂದೆ ನಡೆದು ಬಂದು ನನ್ನ ಕುರ್ಚಿಯಲ್ಲೇ ಕೂತ ಅವರ ತಾಯಿ. ಭದ್ರಾ ಹಿನ್ನೀರಿನ ಅಂಚಿನಲ್ಲಿ ಅವರದ್ದೊಂದು ತೋಟವಿದೆ. ರಜೆಯಲ್ಲಿ ಕರಾವಳಿಗೆ ಹೋದಾಗ ಮಗಳು ಒಂದು ಆಟ ಕಲಿತು ಬಂದಿದ್ದಳು. ಕಾಲಿಗೆ ಹಲಗೆ ಕಟ್ಟಿಕೊಳ್ಳುವುದು, ಹಗ್ಗ ಹಿಡಿಯುವುದು, ಮೋಟಾರು ದೋಣಿ ಎಳೆದುಕೊಂಡು ಹೋಗುವಾಗ ಅದರ ಹಿಂದೆ ಏಳುವ ಅಲೆಯ ಮೇಲೆ ಜಾರುವುದು, ಹಾರುವುದು. ವೇಕ್‌ಬೋರ್ಡ್ ಅಂತೆ.

“ಹೊಸ ದೋಣಿಗೆ ನಮ್ಮ ಅಂಗಡಿ ಮಾರಬೇಕು,” ಅಂದರು ಜವಳಿಯವರು. “ಹಳೇದು ಒಂದು ನೋಡಿಕೊಡಿ. ನೀರಿಗಿಳಿಸುವ ಪರವಾನಗಿ ಕಾಗದ ಎಲ್ಲ ನಾನು ಮಾಡ್ಸಿಕೊಳ್ತೇನೆ. ದೋಣಿ ಓಡಿಸೋದನ್ನೂ ಕಲಿತು ಬರ್ತೇನೆ.”

“ಮಕ್ಕಳಿಗೆ ಅಪಾಯ ಇರಬಾರದು,” ಅಂದರು ಟೀಚರು. ಕೈಯಲ್ಲಿ ನೋಟ್‌ಬುಕ್ಕು, ಅದರಲ್ಲಿ ಇಪ್ಪತ್ತಾರು ಪ್ರಶ್ನೆ.

ಆಗ ಅಜ್ಜಿ ಬಾಯಿ ಬಿಟ್ಟರು. “ಸಾಹುಕಾರ್ರೇ, ದುಡ್ಡು ಕೊಡೋದು ನನ್ನ ಮಗ. ಕಮಿಷನ್ ಕೊಡೋದು ನಾನು. ದೋಣಿ ನೀರಿಗಿಳಿದ ದಿನ ಮೊಮ್ಮಕ್ಕಳ ಜೊತೆ ನಾನೂ ಕೂತು ಒಂದು ಸುತ್ತು ಬರ್ತೇನೆ. ನನ್ನ ಸೆರಗು ಒದ್ದೆ ಆಗಬಾರದು. ಮೊಮ್ಮಗಳ ಮುಖ ಸಪ್ಪೆ ಆಗಬಾರದು. ಎರಡರಲ್ಲಿ ಒಂದಾದ್ರೂ ನಿಮಗೆ ಮೂರು ಕಾಸಿಲ್ಲ.”

“ಅಮ್ಮಾ, ನೀರಾಟದ ದೋಣಿ ಅದು. ಸೆರಗು ಒದ್ದೆ ಆಗದೆ ಹೇಗೆ?” ಅಂದರು ಮಗ.

“ಅದು ಸಾಹುಕಾರರ ತಲೆನೋವು. ಮೂವತ್ತು ಸಾವಿರ ತಲೆನೋವಿಗೇ ತಾನೇ ಕೊಡೋದು?”

ಮೂವತ್ತು ವರ್ಷದಲ್ಲಿ ನನ್ನ ಕುರ್ಚಿಯಲ್ಲಿ ಕೂತು ನನ್ನ ಜೊತೆಗೇ ಚೌಕಾಸಿ ಮಾಡಿದವರು ಅವರೊಬ್ಬರೇ. ಒಪ್ಪಿದೆ. ಬೇರೆ ಕುರ್ಚಿ ಇದ್ದಿದ್ದರೆ ಕೂತು ಯೋಚಿಸುತ್ತಿದ್ದೆನೇನೋ.

೨. ಆರು ವರ್ಷದ ಪರೀಕ್ಷಕ

ಮೊದಲ ದೋಣಿ ನೋಡಲು ಘಟ್ಟ ಇಳಿದೆವು. ಮಾಲು ಅಂದರೆ ಮಾಲು, ಫಳಫಳ ಹೊಳೆಯುತ್ತಿತ್ತು. ಮಾರುವ ದಿನ ಎಮ್ಮೆಗೆ ಎಣ್ಣೆ ಹಚ್ಚಿ ನಿಲ್ಲಿಸುತ್ತಾರಲ್ಲ, ಹಾಗೆ. ಅಷ್ಟು ಹೊಳೆದರೆ ನನಗೆ ಅಲ್ಲೇ ಅನುಮಾನ.

ಹಿಂದೆ ಹೋಗಿ ನೋಡಿದೆ. ಎಂಜಿನ್ನು ದೋಣಿಯ ಹಿಂಬದಿಗೆ ನೇತುಹಾಕಿದ್ದು, ಅದರ ಫ್ಯಾನು ಅಲ್ಲೇ ಬಾಲದಲ್ಲಿ ತಿರುಗುವುದು. ಮಕ್ಕಳು ಹತ್ತಿ ಇಳಿಯುವ ಜಾಗವೂ ಅದೇ. ಟೀಚರು ನೋಟ್‌ಬುಕ್ಕಿನಲ್ಲಿ ಮೊದಲ ಪ್ರಶ್ನೆಗೇ ಕಾಟು ಹಾಕಿದರು.

“ಮಕ್ಕಳು ಹತ್ತಿರ ಹೋಗದಿದ್ರೆ ಆಯ್ತಲ್ಲ ಮಾರಾಯ್ರೇ,” ಅಂದ ಮಾರುವವ.

“ಕಳೆ ಕೊಚ್ಚುವ ಮೆಷಿನ್ ಮಾರುವಾಗ ನಾನೂ ಅದನ್ನೇ ಹೇಳ್ತೇನೆ,” ಅಂದೆ. “ಆದ್ರೆ ಅದರ ಮೇಲೆ ಮಕ್ಕಳನ್ನು ಕೂರಿಸಿ ಮಾರೋದಿಲ್ಲ.”

ಜೇಬಿನಿಂದ ಐದು ರೂಪಾಯಿಯ ನಾಣ್ಯ ತೆಗೆದು ದೋಣಿಯ ಮೈ ಬಡಿಯುತ್ತಾ ಬಂದೆ. ಹಲಸಿನಕಾಯಿ ಬಡಿದು ನೋಡಿದ ಹಾಗೆಯೇ. ಟಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ಕೊಳೆತಿದೆ. ಟಣ್, ಟಣ್, ದಬ್. ಇನ್ನೊಮ್ಮೆ ಬಡಿದು ಗಂಭೀರವಾಗಿ ತಲೆಯಾಡಿಸಿ, ಗಂಟಲು ಸರಿಮಾಡಿಕೊಂಡು ನನ್ನ ತೀರ್ಪು ಹೇಳಬೇಕು ಅನ್ನುವಷ್ಟರಲ್ಲಿ ಆರು ವರ್ಷದವನು ಸೀಟಿನ ಮೇಲಿಂದ ಕೆಳಕ್ಕೆ ಧುಮುಕಿದ. ಮೊಣಕಾಲವರೆಗೆ ಅವನ ಕಾಲು ದೋಣಿಯ ನೆಲದೊಳಗೆ ಹೋಯಿತು. ಎತ್ತಿಕೊಂಡೆವು. ಒಂದು ಗೀರೂ ಆಗಿರಲಿಲ್ಲ. ಅಷ್ಟು ಮೆತ್ತಗಿತ್ತು ಆ ಹಲಗೆ, ಬಾಳೆಕಾಯಿ ಪಲ್ಯದ ಹಾಗೆ.

ಮಾರುವವ ಕೊಂಚವೂ ಗಾಬರಿಯಾಗಲಿಲ್ಲ. ತೂತಿನೊಳಗೆ ಇಣುಕಿ ಹೇಳಿದ: “ಎಂತ ತೊಂದ್ರೆ ಇಲ್ಲ. ಇನ್ನು ಒಳಗೆ ನೀರು ಬಂದ್ರೆ ಹೊರಗೆ ಹೋಗ್ಲಿಕ್ಕೆ ದಾರಿ ಆಯ್ತು.”

೩. ಇನ್ನೂರ ಹನ್ನೆರಡು ಗಂಟೆ

ಎರಡನೇ ದೋಣಿಯ ಸುದ್ದಿ ಬಂದದ್ದು ಶೃಂಗೇರಿ ಹತ್ತಿರದ ಮೆಣಸೆಯಿಂದ. ಫೋನಿನಲ್ಲಿ ಕೇಳಿದಾಗ, ಅಡಿಕೆ ತೋಟದಲ್ಲಿ ದೋಣಿ ಎಲ್ಲಿಂದ ಬರಬೇಕು, ಇದು ಫೈಬರಿನ ನೀರಿನ ಟ್ಯಾಂಕಿನ ಮಾತಿರಬೇಕು ಅಂದುಕೊಂಡೆ. ಹೋಗಿ ನೋಡಿದರೆ ನಿಜವಾಗಿ ದೋಣಿ. ತೋಟದ ಯಜಮಾನರು ಗೋವಾದಿಂದ ತರಿಸಿ, ಸುತ್ತ ಎಲ್ಲೂ ಅದು ಓಡುವಷ್ಟು ನೀರಿಲ್ಲದ ಜಾಗದಲ್ಲಿ, ಅಡಿಕೆ ಬೇಯಿಸುವ ಹಂಡೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ್ದರು.

ನೋಡಿದ ಕೂಡಲೇ ಮಾಲು ಮನಸ್ಸಿಗೆ ಬಂತು. ಎಂಜಿನ್ನು ನಡುವೆ ಪೆಟ್ಟಿಗೆಯೊಳಗೆ. ಫ್ಯಾನು ಹೊಟ್ಟೆಯ ಅಡಿಗೆ, ಮಕ್ಕಳ ಕಾಲಿಗೆ ಸಿಗದಷ್ಟು ಒಳಗೆ. ಓಡಿಸುವವರ ಕೈಗೆ ಕಟ್ಟಿಕೊಳ್ಳುವ ದಾರ, ಅವರು ನೀರಿಗೆ ಬಿದ್ದರೆ ಎಂಜಿನ್ನು ತಾನೇ ನಿಲ್ಲುತ್ತದೆ. ಟೀಚರು ಸಾಲುಸಾಲಾಗಿ ಸರಿ ಗುರುತು ಹಾಕುತ್ತಾ ಹೋದರು. ನಾಣ್ಯ ಬಡಿದೆ: ಎಲ್ಲ ಕಡೆ ಟಣ್. ಆರು ವರ್ಷದವನಿಗೆ, “ಹೂಂ, ಹಾರು” ಅಂದೆ. ಹತ್ತು ಸಲ ಹಾರಿದ. ನೆಲ ಅಲ್ಲಾಡಲಿಲ್ಲ.

ಆದರೆ ಎಂಜಿನ್ನಿನ ಮೀಟರು ನೋಡಿ ನಿಂತುಬಿಟ್ಟೆ. ಇನ್ನೂರ ಹನ್ನೆರಡು ಗಂಟೆ.

“ಒಂದು ಸಲವೂ ನೀರಿಗೆ ಇಳಿಸಿಲ್ಲ ಅಂದ್ರಿ?”

“ದೇವರಾಣೆ ಇಳಿಸಿಲ್ಲ. ತಂದ ಮೇಲೆ ಗೊತ್ತಾಯ್ತು, ನಂಗೆ ತಲೆ ತಿರುಗ್ತದೆ ಅಂತ.”

“ಮತ್ತೆ ಇನ್ನೂರ ಹನ್ನೆರಡು ಗಂಟೆ ಎಲ್ಲಿ ಓಡ್ತು ಇದು?”

ಯಜಮಾನರು ದೋಣಿ ಹತ್ತಿದರು. ಪೈಪಿನಿಂದ ಎಂಜಿನ್ನಿಗೆ ನೀರು ಕೊಟ್ಟು, ಕೀಲಿ ತಿರುಗಿಸಿ, ದೋಣಿಯ ಕಮಾನಿಗೆ ಕಟ್ಟಿದ್ದ ನಾಲ್ಕು ದೊಡ್ಡ ಸ್ಪೀಕರುಗಳನ್ನು ಹಚ್ಚಿದರು. ಶೆಡ್ಡಿನ ಹಂಚು ನಡುಗಿತು. ಆಚೆ ತೋಟದಲ್ಲಿ ಮರದಿಂದ ಮರಕ್ಕೆ ಏನೋ ದಡಬಡ ಓಡಿತು. ಒಂದಲ್ಲ, ನಲವತ್ತು ಮಂಗ. ಮರಿಗಳನ್ನು ಹೊಟ್ಟೆಗೆ ಅವುಚಿಕೊಂಡು ಗುಡ್ಡ ಹತ್ತಿ ಮಾಯವಾದವು.

ಯಜಮಾನರು ಎಂಜಿನ್ನು ನಿಲ್ಲಿಸಿ ಕೆಳಗಿಳಿದರು. “ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಏಲಕ್ಕಿ ಬಾಳೆ ಒಂದು ಗೊನೆ ಕಳೆದುಕೊಂಡಿಲ್ಲ ಮಾರಾಯ್ರೇ. ಪಟಾಕಿಗಿಂತ ಇದೇ ಅಗ್ಗ.”

೪. ನೀರಿನ ತೂಕ

ಯಜಮಾನರು ಹೇಳಿದ್ದು ಆರೂವರೆ ಲಕ್ಷ. ನಾನು ಮಂಗನ ಗಂಟೆಗಳನ್ನು ಹಿಡಿದು ಜಗ್ಗಿದೆ, ಇಲಿ ಕಡಿದ ಸೀಟು ಹಿಡಿದು ಜಗ್ಗಿದೆ. ಐದು ತೊಂಬತ್ತಕ್ಕೆ ಬಂದು ನಿಂತರು. ಆಮೇಲೆ ಒಂದು ಬಾಂಬು ಹಾಕಿದರು: “ಸ್ಪೀಕರ್ ಕೊಡೋದಿಲ್ಲ. ಮಂಗಕ್ಕೆ ಬೇಕು.”

ಮಗಳ ಕಣ್ಣಲ್ಲಿ ನೀರು ಬಂತು. ನನಗೆ ಮೂವತ್ತು ಸಾವಿರ ಕಣ್ಣ ಮುಂದೆ ಬಂತು. ನನ್ನ ಗೋಡೌನಿನಲ್ಲಿ ಶಾಮಿಯಾನದವರಿಂದ ಕೊಂಡಿದ್ದ ಎರಡು ಹಳೇ ಹಾರ್ನ್ ಸ್ಪೀಕರು ಬಿದ್ದಿದ್ದವು, ನನಗೆ ನಾಲ್ಕು ಸಾವಿರ ಬಿದ್ದದ್ದು. “ಅದನ್ನು ನಿಮಗೆ ಸುಮ್ಮನೆ ಕೊಡ್ತೇನೆ,” ಅಂದೆ. “ಮದುವೆ ಮನೆಯಿಂದ ನೆಂಟರನ್ನೇ ಓಡಿಸಿದ ಹಾರ್ನು ಅದು. ಮಂಗ ಯಾವ ಲೆಕ್ಕ?” ಒಪ್ಪಿದರು.

ಅಷ್ಟಕ್ಕೆ ನಿಲ್ಲಿಸಬೇಕಿತ್ತು. ದೋಣಿಯ ಹಿಂಬದಿಯಲ್ಲಿ ಎರಡು ದೊಡ್ಡ ರಬ್ಬರ್ ಚೀಲ ಕಂಡವು. “ಇದೆಂತ?”

“ಅದಕ್ಕೆ ನೀರು ತುಂಬಿಸಬೇಕಂತೆ. ದೋಣಿಗೆ ತೂಕ ಬರ್ಲಿಕ್ಕೆ.”

ನನ್ನ ಮೈ ಉರಿಯಿತು. ನಾನು ಅಡಿಕೆ ಪೇಟೆಯಲ್ಲಿ ಬೆಳೆದವನು. ಮಾಲಿಗೆ ನೀರು ಚಿಮುಕಿಸಿ ತೂಕ ಏರಿಸಿದವನ ಮನೆಗೆ ನಮ್ಮಲ್ಲಿ ಹೆಣ್ಣು ಕೊಡುವುದಿಲ್ಲ.

“ಯಜಮಾನ್ರೇ, ಕದ್ದು ಒಂದು ಚೊಂಬು ನೀರು ಹಾಕಿದವರನ್ನು ನೋಡಿದ್ದೇನೆ. ಅದಕ್ಕೇ ಅಂತ ಚೀಲ ಇಟ್ಕೊಂಡವರನ್ನು ಇವತ್ತೇ ನೋಡಿದ್ದು. ಈ ಕಳ್ಳ ತೂಕ ನಮಗೆ ಬೇಡ. ಚೀಲ ನೀವೇ ಇಟ್ಕೊಳ್ಳಿ, ಹತ್ತು ಸಾವಿರ ಬಿಡಿ.”

“ಆಯ್ತು,” ಅಂದರು ಅವರು ತಕ್ಷಣ.

ಐದು ಎಂಬತ್ತಕ್ಕೆ ಕೈಗೆ ಕೈ ಹೊಡೆದೆವು. ಜವಳಿಯವರು ನನ್ನ ಬೆನ್ನು ತಟ್ಟಿದರು. ಹಳ್ಳಿ ಯಜಮಾನ ಚೌಕಾಸಿ ಇಲ್ಲದೆ ಹತ್ತು ಸಾವಿರ ಬಿಟ್ಟ ಅಂದರೆ ಅದರ ಹಿಂದೆ ಏನೋ ಇದೆ ಅಂತ ಊರಿಗೆಲ್ಲ ಪಾಠ ಹೇಳುವವನು ನಾನೇ.

೫. ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ದೋಣಿ

ಗಾಡಿಗೆ ಕಟ್ಟಿಕೊಂಡು ದೋಣಿಯನ್ನು ಕೊಪ್ಪದ ಮೇಲೆ ಎನ್.ಆರ್.ಪುರಕ್ಕೆ ಸಾಗಿಸಿದೆವು. ಬಸ್ ಸ್ಟ್ಯಾಂಡ್ ಹತ್ತಿರ ಚಹಾಕ್ಕೆ ನಿಲ್ಲಿಸಿದ್ದೇ ತಪ್ಪಾಯಿತು. ಐದು ನಿಮಿಷದಲ್ಲಿ ಜನ ಸುತ್ತುಗಟ್ಟಿದರು.

“ಸಾಹುಕಾರ್ರೇ, ಈ ವರ್ಷ ಮಳೆ ಅಷ್ಟು ಜೋರಾ?” ಅಂದ ಒಬ್ಬ.

“ಗೊತ್ತಿದ್ರೆ ನಮಗೂ ಮೊದ್ಲೇ ಹೇಳ್ಬಾರ್ದಾ ಮಾರಾಯ್ರೇ?” ಅಂದ ಇನ್ನೊಬ್ಬ.

ನಾನು ತಮಾಷೆಗೆ, “ಹೂಂ, ಸೀಟು ಇನ್ನು ನಾಲ್ಕೇ ಉಳಿದಿದೆ” ಅಂದೆ. ನಗುತ್ತಾ ಹೊರಟೆ.

ಸಂಜೆ ಅಂಗಡಿಗೆ ಬಂದರೆ ನಮ್ಮ ಪಕ್ಕದ ಹಳ್ಳಿ ನಾರ್ವೆಯ ಒಬ್ಬ ಹಿರಿಯರು ಕಾಯುತ್ತಿದ್ದರು. ಕೈಯಲ್ಲಿ ಐನೂರರ ನೋಟು. “ನಂಗೆ ಬೇಡ. ನನ್ನ ದನಕ್ಕೆ ಜಾಗ ಇದ್ಯಾ?”

೬. ಅಲೆ ಎಲ್ಲಿದೆ?

ದೋಣಿ ನೀರಿಗಿಳಿಯುವ ದಿನ ಬಂತು. ಅಜ್ಜಿ ಪೂಜೆ ಮಾಡಿಸಿದರು. ಗಾಡಿಯಾದರೆ ಚಕ್ರದಡಿ ನಿಂಬೆಹಣ್ಣು ಇಡಬಹುದು. ದೋಣಿಗೆ ಚಕ್ರವೆಲ್ಲಿ? ಕೊನೆಗೆ ನಾಲ್ಕು ನಿಂಬೆಹಣ್ಣು ನೀರಿಗೇ ಎಸೆದು, ಅದರ ಮೇಲೆ ದೋಣಿ ಓಡಿಸುವುದು ಅಂತ ತೀರ್ಮಾನವಾಯಿತು. ಅವು ದೋಣಿಯ ಪಕ್ಕಕ್ಕೆ ಸರಿದು ಸರಿದು ತಪ್ಪಿಸಿಕೊಂಡವು. ಅರ್ಧ ಗಂಟೆ ನಾವು ನಿಂಬೆಹಣ್ಣು ಅಟ್ಟಿಸಿಕೊಂಡು ಹೋದೆವು.

ಆಮೇಲೆ ಅಸಲಿ ಪರೀಕ್ಷೆ. ಎಲ್ಲರಿಗೂ ತೇಲುವ ಜಾಕೆಟ್ಟು. ಮಕ್ಕಳದ್ದು ಮಕ್ಕಳ ಅಳತೆಯದ್ದೇ ಇರಬೇಕೆಂದು ಟೀಚರು ಹಟ ಹಿಡಿದು ತರಿಸಿದ್ದರು. ನನ್ನ ಅಳತೆಯ ಬಗ್ಗೆ ಯಾರೂ ಯೋಚಿಸಿರಲಿಲ್ಲ. ಬಕಲು ಮುಟ್ಟಲಿಲ್ಲ. ಟೀಚರು ಇನ್ನೊಂದು ಜಾಕೆಟ್ಟಿನ ಪಟ್ಟಿ ಬಿಚ್ಚಿ ಸೇರಿಸಿ ಬಿಗಿದು, ಎಳೆದು ನೋಡಿದ ಮೇಲೇ ಹತ್ತಲು ಬಿಟ್ಟರು.

ಜವಳಿಯವರು ದೋಣಿ ಓಡಿಸಿದರು. ಮಗಳು ಹಿಂದೆ ಹಗ್ಗ ಹಿಡಿದು ಹಲಗೆಯ ಮೇಲೆ ಎದ್ದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಜ್ಜಿಯ ಸೆರಗು ಒಣಗಿಯೇ ಇತ್ತು. ನಾನು ಮನಸ್ಸಿನಲ್ಲಿ ನೋಟು ಎಣಿಸತೊಡಗಿದೆ.

“ಅಲೆ ಎಲ್ಲಿದೆ?” ಅಂತ ಕೂಗಿದಳು ಮಗಳು.

ತಿರುಗಿ ನೋಡಿದೆ. ದೋಣಿಯ ಹಿಂದೆ ನೀರು ನೀರುದೋಸೆಯ ಹಾಗೆ ಚಪ್ಪಟೆ ಮಲಗಿತ್ತು. ಹಾರಲು ಗೇಣುದ್ದದ ಅಲೆಯೂ ಇಲ್ಲ. ಮಗಳ ಮುಖ ಸಪ್ಪೆ. ಅಜ್ಜಿ ನನ್ನ ಕಡೆ ನೋಡಿದರು. ಟೀಚರು ನೋಟ್‌ಬುಕ್ಕು ತೆರೆದು, ಅವತ್ತು ನನ್ನ ಚೌಕಾಸಿಯ ಗದ್ದಲದಲ್ಲಿ ಕೇಳದೆ ಉಳಿದದ್ದನ್ನು ಮೆಲ್ಲಗೆ ಓದಿದರು: “ಪ್ರಶ್ನೆ ಇಪ್ಪತ್ತಮೂರು. ಹಿಂಬದಿಗೆ ತೂಕ ಇದ್ದಷ್ಟೂ ಅಲೆ ದೊಡ್ಡದು. ನೀರು ತುಂಬುವ ಚೀಲ ಇದೆಯೇ?”

ಅಲ್ಲಿಂದಲೇ ಮೆಣಸೆಗೆ ಫೋನು ಹಚ್ಚಿದೆ. “ಯಜಮಾನ್ರೇ, ಆ ಚೀಲ...”

“ಭಾರೀ ಉಪಕಾರ ಆಯ್ತು ಮಾರಾಯ್ರೇ! ಎರಡಕ್ಕೂ ಸಗಣಿ ಸ್ಲರಿ ತುಂಬಿಸಿ ಬಾಳೆಗೆ ಬಿಡ್ತಾ ಇದ್ದೇನೆ. ವಾಪಸ್ ಬೇಕಾ? ತೊಳೆದು ಕೊಡ್ಲಾ?”

ಫೋನು ಇಟ್ಟೆ. ತಲೆ ಬಿಸಿಯಾಗಿ, ಯಾರ ಮುಖವೂ ನೋಡಲಾಗದೆ ಎದ್ದು ಹೋಗಿ ದೋಣಿಯ ಹಿಂಬದಿಯ ಎಡಮೂಲೆಯಲ್ಲಿ ಧೊಪ್ಪನೆ ಕೂತೆ. ದೋಣಿ ಅತ್ತ ವಾಲಿತು.

“ಬಂತು! ಬಂತು!” ಅಂತ ಕಿರುಚಿದಳು ಮಗಳು.

ಹಿಂದಕ್ಕೆ ತಿರುಗಿ ಕೂತು ನೋಡಿದರೆ ಎಡಬದಿಯಲ್ಲಿ ಸೊಂಟದೆತ್ತರದ ಅಲೆ ಎದ್ದಿತ್ತು. ಅವಳು ಅದರ ಮೇಲೆ ಹತ್ತಿದಳು, ಹಾರಿದಳು, ಬಿದ್ದಳು, ಬಾಯಲ್ಲಿ ನೀರು ತುಂಬಿಕೊಂಡೇ ನಗುತ್ತಾ ತೇಲಿದಳು. ತಮ್ಮ ಕುಣಿದ. ಅಲೆಯ ಹನಿಯೆಲ್ಲ ನನ್ನ ಮೇಲೆ. ಧೋತರ, ಅಂಗಿ, ಜೇಬಿನ ನೋಟು ಎಲ್ಲ ಒದ್ದೆ. ಅಜ್ಜಿ ಎದ್ದು ಬಂದು ನನ್ನ ಬೆನ್ನ ಹಿಂದೆ ಮರೆಯಾಗಿ ಕೂತು ಸೆರಗು ಮುಟ್ಟಿ ನೋಡಿಕೊಂಡರು. “ಒಂದು ಹನಿ ಇಲ್ಲ. ಸಾಹುಕಾರ್ರೇ, ನಿಮ್ಮ ತೂಕ ಎಷ್ಟು?”

“ತೊಂಬತ್ತನಾಲ್ಕು.”

“ಕಮಿಷನ್ ಕೊಡ್ತೇನೆ. ಆದ್ರೆ ಚೀಲ ಬೇಡ ಅಂದೋರು ನೀವು. ನಿಮ್ಮ ದುಡ್ಡಲ್ಲಿ ಹೊಸ ಚೀಲ ತರಿಸಿ. ಅದು ಬರೋವರೆಗೆ ಪ್ರತಿ ಭಾನುವಾರ ಬಂದು ಇಲ್ಲಿ ಕೂರಿ.”

“ನಾನು ವ್ಯಾಪಾರಸ್ಥ ಅಮ್ಮಾ!”

“ಇದೂ ವ್ಯಾಪಾರವೇ. ನೀರು ಬೆರೆಸದ ಶುದ್ಧ ತೂಕ.”

ಹೊಸ ಚೀಲ ಬರಲು ಎಂಟು ವಾರ ಹಿಡಿಯಿತು. ಎಂಟು ಭಾನುವಾರ ನಾನು ಹೋಗಿ ಎಡಮೂಲೆಯಲ್ಲಿ ಕೂತೆ. ಮೊದಲು ಮನೆಯಲ್ಲಿ ಊಟ, ಆಮೇಲೆ ದೋಣಿ, ಅದು ಅಜ್ಜಿಯ ಕ್ರಮ. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಮೇಲೆ ತುಪ್ಪ ಸುರಿದ ಹೋಳಿಗೆ. ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದರೆ ಅಜ್ಜಿ ಒಳಗಿನಿಂದ ಸೊಸೆಗೆ ಕೂಗುತ್ತಿದ್ದರು: “ಇನ್ನೆರಡು ಹಾಕಮ್ಮಾ, ಮಗುಗೆ ಅಲೆ ಬೇಕು!”

ಈಗ ಲೆಕ್ಕ. ಕಮಿಷನ್ ಬಂದದ್ದು ಮೂವತ್ತು ಸಾವಿರ. ಹೊಸ ಚೀಲಕ್ಕೆ ಹೋದದ್ದು ಹದಿನೆಂಟು, ಮಂಗನ ಹಾರ್ನಿಗೆ ನಾಲ್ಕು, ಎಂಟು ಭಾನುವಾರದ ಪೆಟ್ರೋಲಿಗೆ ನಾಲ್ಕು. ಮೊನ್ನೆ ಅಂಗಡಿಯ ತೂಕದ ಮೆಷಿನ್ ಮೇಲೂ ಹತ್ತಿ ನೋಡಿದೆ: ತೊಂಬತ್ತೆಂಟು.

ನಿವ್ವಳ ಲಾಭ ನಾಲ್ಕು ಸಾವಿರ ರೂಪಾಯಿ, ನಾಲ್ಕು ಕೆಜಿ.