ದಿವಾನರಿದ್ದ ಮನೆಯ ಒಗ್ಗರಣೆ

ನಮ್ಮ ದೊಡ್ಡಪ್ಪನಷ್ಟು ಒಳ್ಳೆಯ ಮನುಷ್ಯ ಇಡೀ ಮೈಸೂರಿನಲ್ಲೇ ಇರಲಿಲ್ಲ. ಆದರೆ ಅವರ ಮನೆಯಲ್ಲಿ ಸೀನುವ ಹಾಗಿರಲಿಲ್ಲ! ಕೆಮ್ಮು ಬಂದರೆ ಬೀದಿಗೆ ಓಡಬೇಕಿತ್ತು. ಓದಿಗಾಗಿ ಸರಸ್ವತಿಪುರಂನ ಆ ಮನೆಯಲ್ಲಿದ್ದ ನಾನು ಪರೀಕ್ಷೆಗಿಂತ ನೆಗಡಿಗೇ ಹೆಚ್ಚು ಹೆದರಿದವಳು. ಇದಕ್ಕೆಲ್ಲ ಕಾರಣ ಒಂದು ಹಕ್ಕಿ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೊಡ್ಡಪ್ಪನ ಆಫೀಸಿನ ಬಿಳಿ ಸಾಹೇಬರು ತಮ್ಮ ಸೀಮೆಗೆ, ಇಂಗ್ಲೆಂಡಿಗೆ ಹೊರಟರು. ಉಳಿದ ಗುಮಾಸ್ತರು ಅವರ ಬಂಗಲೆಯಿಂದ ಕುರ್ಚಿ, ಮೇಜು, ನಿಲುವುಗನ್ನಡಿ ಹೊತ್ತು ತಂದರೆ, ನಮ್ಮ ದೊಡ್ಡಪ್ಪ ಟೋಪಿಯೊಳಗೆ ರೆಕ್ಕೆ ಬಲಿಯದ ಒಂದು ಮರಿಯನ್ನಿಟ್ಟುಕೊಂಡು ಬಂದರು. ಸಾಹೇಬರು ಅದನ್ನು ಕಾಕಟೀಲ್ ಅಂದಿದ್ದರಂತೆ. ನಮ್ಮ ಬೀದಿ ಅದನ್ನು ಜುಟ್ಟಿನ ಗಿಣಿ ಅಂದಿತು. ಬೂದು ಕೋಟು, ಕೆನ್ನೆಗೆ ಕಿತ್ತಳೆ ಬೊಟ್ಟು, ಪೇಟದ ತುರಾಯಿಯಂಥ ಜುಟ್ಟು ನೋಡಿ ದೊಡ್ಡಪ್ಪ "ದಿವಾನರು" ಎಂದು ಹೆಸರಿಟ್ಟರು. ಗಂಡೋ ಹೆಣ್ಣೋ ಎಂದು ಯಾರೂ ಕೇಳಲಿಲ್ಲ. ದಿವಾನರು ಅಂದ ಮೇಲೆ ಕೇಳುವುದೇನು?

ದಿವಾನರಿಗೆ ಆಗ ತಾವಾಗಿ ತಿನ್ನಲು ಬರುತ್ತಿರಲಿಲ್ಲ. ದೊಡ್ಡಪ್ಪ ತೆಳ್ಳಗಿನ ರಾಗಿ ಗಂಜಿಯನ್ನು ಮುಂಗೈಗೆ ಬಿಟ್ಟು ಬಿಸಿ ನೋಡಿ, ಕೂಸುಗಳಿಗೆ ಹಾಲು ಕುಡಿಸುವ ಒಳಲೆಯಲ್ಲಿ ಹನಿಹನಿಯಾಗಿ ಕುಡಿಸುತ್ತಿದ್ದರು. ಮರಿ ಕತ್ತು ಹೊರಳಿಸಿದರೆ ಸಾಕು, ಇವರ ಹಣೆಯಲ್ಲಿ ಬೆವರು!

"ರೀ, ನನ್ನ ಎರಡು ಹೆಣ್ಣುಮಕ್ಳಿಗೆ ಒಂದಿನಾನಾದ್ರೂ ಒಳಲೆ ಹಿಡಿದಿದ್ರಾ ನೀವು?" ಎಂದಳು ದೊಡ್ಡಮ್ಮ.

"ಅವಕ್ಕೆ ನೀನಿದ್ದೆ ಕಣೆ. ಇದಕ್ಕೆ ಯಾರವ್ರೆ?"

ಒಂದು ದಿನ ದೊಡ್ಡಮ್ಮ ಸಾರಿಗೆ ಒಗ್ಗರಣೆ ಹಾಕಿದಳು ನೋಡಿ, ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿಯ ಘಾಟು ಎದ್ದಿತು, ನಡುಮನೆಯ ಪಂಜರದಲ್ಲಿ ದಿವಾನರು ಸೀನಿದರು. ಅಷ್ಟೇ! "ಇವತ್ತಿಂದ ಈ ಮನೇಲಿ ಒಗ್ಗರಣೆ ಇಲ್ಲ" ಎಂದು ಅಪ್ಪಣೆಯಾಯಿತು.

ಒಗ್ಗರಣೆಯಿಲ್ಲದ ಸಾರನ್ನು ನೀವು ಉಂಡಿದ್ದೀರಾ? ಉಣ್ಣಬೇಡಿ! ನಮಗೆ ಚಿತ್ರಾನ್ನದ ಹೆಸರಿನಲ್ಲಿ ಹಳದಿ ಅನ್ನ ಬಂತು, ಉಪ್ಪಿಟ್ಟಿನ ಹೆಸರಿನಲ್ಲಿ ಅಂಟು ಬಂತು. ನೆಂಟರು ಬರುವುದು ನಿಂತಿತು. ಕೊನೆಗೆ ದೊಡ್ಡಮ್ಮ ಸೌಟು ಕುಕ್ಕಿ, "ಒಂದೋ ಒಗ್ಗರಣೆ ಇರ್ಬೇಕು, ಇಲ್ಲಾ ನಿಮ್ಮ ದಿವಾನ್ರು ಇರ್ಬೇಕು. ಯೋಚ್ನೆ ಮಾಡ್ಕೊಳ್ಳಿ" ಎಂದಳು. ದೊಡ್ಡಪ್ಪ ಯೋಚಿಸಿ ಹಿತ್ತಲಿನ ಕರಿಬೇವಿನ ಗಿಡದ ಪಕ್ಕ ಮೂರು ಕಲ್ಲಿನ ಒಲೆ ಹೂಡಿಕೊಟ್ಟರು. ಅಂದಿನಿಂದ ಅದೇ ಪದ್ಧತಿ. ದೊಡ್ಡಮ್ಮ ಒಗ್ಗರಣೆ ಸೌಟು ಹಿಡಿದು ಹಿತ್ತಲಿಗೆ ಹೋಗುವುದು, ದೊಡ್ಡಪ್ಪ ಎಲ್ಲೇ ಇದ್ದರೂ ಎದ್ದು ಬಂದು, ಹೊಗೆ ಒಳಗೆ ನುಗ್ಗದಂತೆ ಬಾಗಿಲು ಎಳೆಯುವುದು. ಬಾಗಿಲಿನಾಚೆಯಿಂದ ಬೈಗುಳವೂ ಒಗ್ಗರಣೆಯ ಜೊತೆಗೇ ಸಿಡಿಯುತ್ತಿತ್ತು.

ದಿವಾನರು ಪ್ರಾಯಕ್ಕೆ ಬಂದರು. ದೊಡ್ಡಪ್ಪ ದಸರೆಯ ಬ್ಯಾಂಡಿನ ಧಾಟಿಯನ್ನು ದಿನಾ ಬೆಳಿಗ್ಗೆ ಶಿಳ್ಳೆಯಲ್ಲಿ ಕಲಿಸಿದರು. ಬೀದಿಯ ಹುಡುಗರೆಲ್ಲ ಕಲಿತರು, ದಿವಾನರು ಮಾತ್ರ ಕಲಿಯಲಿಲ್ಲ. "ಗಂಭೀರ ಸ್ವಭಾವ ಕಣಮ್ಮ. ಅಧಿಕಾರಸ್ಥರು ಶಿಳ್ಳೆ ಹಾಕ್ತಾರೇನು?" ಎಂದು ನನಗೇ ಪಾಠ ಹೇಳಿದರು. ನಮ್ಮ ನೆಮ್ಮದಿಯೆಲ್ಲ ಆ ಜುಟ್ಟಿನಲ್ಲಿತ್ತು. ಅದು ಮಲಗಿದ್ದರೆ ಮನೆ ಉಸಿರಾಡುತ್ತಿತ್ತು. ಬೆದರಿ ಸೆಟೆದು ನಿಂತರೆ ನಾವೆಲ್ಲ ಇದ್ದಲ್ಲೇ ಕಂಬ!

ಒಂದು ಬೆಳಿಗ್ಗೆ ಜುಟ್ಟು ನಿಲ್ಲಲೂ ಇಲ್ಲ, ಮಲಗಲೂ ಇಲ್ಲ. ದಿವಾನರು ಪಂಜರದ ತಳದಲ್ಲಿ ಮೈ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ, ಬಾಲ ಅದುರಿಸುತ್ತ ಕುಳಿತಿದ್ದರು. ದೊಡ್ಡಪ್ಪ ಅಜೀರ್ಣವೆಂದು ತೀರ್ಮಾನಿಸಿ ಓಮದ ನೀರು ಹಾಕಿದರು. ಅದು ಕೊಕ್ಕಿನಿಂದ ಹೊರಗೆ ಇಳಿಯಿತು. ಆಮೇಲೆ ದೊಡ್ಡಮ್ಮನ ಕಡೆ ತಿರುಗಿದರು.

"ನಿನ್ನೆ ಒಳಗೆ ಒಗ್ಗರಣೆ ಹಾಕ್ಬುಟ್ಟಿದ್ದೀಯ ನೀನು. ಇದಕ್ಕೇನಾದ್ರೂ ಆದ್ರೆ ನಿನ್ನ ಕೈಯ ಅನ್ನ ಮುಟ್ಟಲ್ಲ."

ದೊಡ್ಡಪ್ಪ ಎಂದೂ ಆ ಧ್ವನಿಯಲ್ಲಿ ಮಾತಾಡಿದವರಲ್ಲ. ಹಕ್ಕಿ ಹೋದರೆ ಈ ಮನೆಯಲ್ಲಿ ಇನ್ನೇನೋ ಒಂದು ಹೋಗುತ್ತದೆ ಅನ್ನಿಸಿತು. ದೊಡ್ಡಮ್ಮ ಜಗಳಕ್ಕೆ ನಿಲ್ಲಲಿಲ್ಲ. ಅಷ್ಟು ವರ್ಷದಲ್ಲಿ ಒಮ್ಮೆಯೂ ಮುಟ್ಟದ ಹಕ್ಕಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ದಿಟ್ಟಿಸಿದಳು.

"ಅಜೀರ್ಣಕ್ಕೆ ಯಾರೂ ಹಿಂಗೆ ತಿಣುಕಲ್ಲ. ಎರಡು ಹೆತ್ತೋಳು ನಾನು. ನೋವು ತಿಂತಾ ಇದೆ ಇದು. ಹೆಣ್ಣು ಕಣ್ರೀ!"

ದೊಡ್ಡಮ್ಮ ಬಿಸಿನೀರಿನಲ್ಲಿ ಬಟ್ಟೆ ಹಿಂಡಿ ಹಕ್ಕಿಯ ಹೊಟ್ಟೆಗೆ ಶಾಖ ಕೊಟ್ಟಳು, ಬೆಚ್ಚಗಿನ ಹರಳೆಣ್ಣೆಯನ್ನು ಬೆರಳ ತುದಿಯಲ್ಲಿ ಬಾಲದ ಕೆಳಗೆ ಸವರಿದಳು, "ಆಯ್ತು ಕಣವ್ವ, ಆಯ್ತು, ಇನ್ನೊಂಚೂರು" ಎಂದು ಹೇಳುತ್ತಲೇ ಇದ್ದಳು. ಬಟ್ಟೆ ಆರಿತು, ಮತ್ತೆ ಅದ್ದಿದಳು. ಹಕ್ಕಿ ಒಮ್ಮೆ ವಾಲಿದಾಗ ದೊಡ್ಡಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ದಿವಾನರು ಹೆತ್ತರು! ಗೋಲಿಗಿಂತ ತುಸು ದೊಡ್ಡದಾದ ಬಿಳಿ ಮೊಟ್ಟೆ.

ದೊಡ್ಡಪ್ಪನ ಹಣೆಯ ವಿಭೂತಿಯೇ ಬೆವರಿತು. "ಲಿಂಗಪೂಜೆ ಮಾಡೋ ಮನೇಲಿ ಮೊಟ್ಟೆ ಅಲ್ವೇನೆ!"

"ಲಿಂಗ ಕಟ್ಟೋ ನಮ್ಮೋರು ಹೆರಿಗೆ ಸೂತಕಾನೇ ಒಪ್ಪಲ್ಲ. ಹೆತ್ತೋಳನ್ನ ಮೈಲಿಗೆ ಅಂತೀರಾ? ಮೊದ್ಲು ಕಿಟಕಿ ಹಾಕಿ, ಬಾಣಂತಿಗೆ ಗಾಳಿ ಆಗ್ಬಾರ್ದು."

ಆವತ್ತಿನಿಂದ ದಿವಾನರು ದಿವಾನಮ್ಮ ಆದರು. ಎಲೆಗೆ ಹಚ್ಚುವ ಸುಣ್ಣದ ತಿಳಿನೀರು ಮೂಳೆಗೆ ಒಳ್ಳೆಯದೆಂದು ದೊಡ್ಡಮ್ಮನೇ ಹನಿ ಹಾಕುತ್ತಿದ್ದಳು. ಒಗ್ಗರಣೆಯ ಬೈಗುಳ ಮಾತ್ರ ಒಂದು ದಿನವೂ ತಪ್ಪಲಿಲ್ಲ.

ನಾನು ಓದು ಮುಗಿಸಿ, ಮೇಷ್ಟ್ರಮ್ಮನಾಗಿ, ವಾರಕ್ಕೊಮ್ಮೆ ಹೋಗಿ ಬರುವ ಕಾಲಕ್ಕೆ ದಿವಾನಮ್ಮ ಮುದುಕಿಯಾಗಿದ್ದಳು. ಹಾರಲಾರದವಳಿಗೆಂದು ದೊಡ್ಡಪ್ಪ ಕೂರುವ ಕಡ್ಡಿಯನ್ನು ತಳಕ್ಕೆ ಇಳಿಸಿದ್ದರು. ಬಿದ್ದರೆ ನೋವಾಗದಿರಲೆಂದು ದೊಡ್ಡಮ್ಮ ತನ್ನ ಹಳೆಯ ಸೀರೆ ಮಡಿಸಿ ಹಾಸಿದ್ದಳು. ಇಬ್ಬರೂ ಮಾತಾಡುತ್ತಲೇ ಪಂಜರದ ಕಡೆ ನೋಡುತ್ತಿದ್ದರು. ನಾನೂ ಆ ಮನೆಯೊಳಗೆ ಕಾಲಿಟ್ಟೊಡನೆ ಮೊದಲು ಪಂಜರದ ಕಡೆಗೇ ನೋಡುತ್ತಿದ್ದೆ.

ಒಂದು ಭಾನುವಾರ ಹೋದಾಗ ಪಂಜರ ಖಾಲಿ. ಹಿಂದಿನ ದಿನ ವಿಭೂತಿ ಇಟ್ಟು ಮುಂಬಾಗಿಲ ದಾಸವಾಳದ ಬುಡದಲ್ಲಿ ಮಣ್ಣು ಮಾಡಿದ್ದರು. ನಾನು ಅತ್ತುಬಿಟ್ಟೆ. ಅವರಿಬ್ಬರೂ ಅಳಲಿಲ್ಲ.

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಊಟಕ್ಕೆ ಕೂತಿದ್ದ ದೊಡ್ಡಪ್ಪ ತಲೆಯೆತ್ತದೆ, "ಇನ್ಮೇಲೆ ಒಳಗೇ ಹಾಕು ಕಣೆ ಒಗ್ಗರಣೆ" ಎಂದರು.

ಇಷ್ಟು ವರ್ಷ ಇದೇ ಮಾತಿಗಾಗಿ ಜಗಳವಾಡಿದ್ದ ದೊಡ್ಡಮ್ಮ ಸಾಸಿವೆ ಡಬ್ಬಿ, ಸೌಟು ತೆಗೆದುಕೊಂಡು ಬೈಯದೆ ಹಿತ್ತಲಿಗೆ ನಡೆದಳು. ದೊಡ್ಡಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು ಹೋಗಿ, ಹೊಗೆ ಒಳಗೆ ಬಾರದ ಹಾಗೆ ಬಾಗಿಲು ಎಳೆದರು.